ಮಗ್ಗದ ಕುಣಿಯಲ್ಲಿ ತೂಗುಬಿಟ್ಟ ಚೀಲ

ನನ್ನ ಮಂಚದ ತಲೆಗಡೆಯ ಮೊಳೆಗೆ ಒಂದು ಹಳೆಯ ಚೀಲ ತೂಗುಬಿದ್ದಿದೆ. ಅಂಗೈಯಗಲದ ದಪ್ಪ ನೂಲಿನ ಚೀಲ, ಬಾಯಿಗೊಂದು ಹುರಿ, ಒಳಗೆ ಏಳು ಕಲ್ಲು. ಮೊನ್ನೆಯವರೆಗೂ ಅದು ಟ್ರಂಕಿನ ತಳದಲ್ಲಿ, ನನ್ನ ಮದುವೆಯ ಸೀರೆಯ ಕೆಳಗೆ ನೆಮ್ಮದಿಯಾಗಿ ಮಲಗಿತ್ತು. ಈ ವಯಸ್ಸಿನಲ್ಲಿ ಎಲ್ಲರಿಗೂ ಆಗುವಂತೆ ನನಗೂ ಮೊಣಕಾಲು ಕೈಕೊಟ್ಟಿತು. ವ್ಯಾಯಾಮ ಕಲಿಸಲು ಗದಗಿನ ದವಾಖಾನೆಯಿಂದ ಮನೆಗೆ ಬರುವ ಹುಡುಗಿ, "ಕಾಲಿಗೆ ಭಾರ ಕಟ್ಕೊಂಡು ಎತ್ತಬೇಕ್ರಿ ಅಜ್ಜಿ, ಮಳಲಿನ ಚೀಲ ಪ್ಯಾಟ್ಯಾಗ ಸಿಗ್ತಾವು" ಎಂದಳು. "ಕೊಳ್ಳೂದ ಬ್ಯಾಡವಾ, ನಮ್ಮ ಮನ್ಯಾಗ ಒಂದೈತಿ" ಎಂದು ಟ್ರಂಕು ತೆರೆಸಿದೆ. ಚೀಲವನ್ನು ನೋಡಿ ಅವಳು ನನ್ನ ಮೊಣಕಾಲಿಗಿಂತ ನನ್ನ ತಲೆಯ ಬಗ್ಗೆಯೇ ಹೆಚ್ಚು ಚಿಂತಿಸಿದಂತೆ ಕಂಡಿತು. ಅವಳಿಗೆ ಮುಂದಿನ ರೋಗಿಯ ಮನೆಗೆ ಹೋಗುವ ಅವಸರ. ನಿಮಗೆ ಅಂಥ ಅವಸರವಿಲ್ಲವೆಂದು ನಂಬಿ ಈ ಚೀಲದ ಕತೆಯನ್ನು ನಿಮಗೆ ಹೇಳುತ್ತೇನೆ.

ನಾನು ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದು ಮೂರು ನಾಲ್ಕು ವರ್ಷಗಳಾದ ಮೇಲೆ. ತವರು ಲಕ್ಷ್ಮೇಶ್ವರ. ನಾನು ಹುಟ್ಟಿದಾಗ ಆ ಊರು ಒಂದು ಸಂಸ್ಥಾನದ್ದು, ಮಗ್ಗುಲಿನ ಶಿರಹಟ್ಟಿ ಇನ್ನೊಂದು ಸಂಸ್ಥಾನದ್ದು, ಗದಗು ಇಂಗ್ಲಿಷರದು, ಮುಂಡರಗಿ ದಾಟಿ ಸ್ವಲ್ಪ ಮುಂದೆ ಹೋದರೆ ನಿಜಾಮನದು. ಅದೇ ರೊಟ್ಟಿ, ಅದೇ ಮಾತು, ಸರಕಾರಗಳು ಮಾತ್ರ ನಾಲ್ಕು. ಮದುವೆಯ ಹೊತ್ತಿಗೆ ಸಂಸ್ಥಾನಗಳೆಲ್ಲ ಕರಗಿಹೋಗಿದ್ದರೂ ಅತ್ತೆಯವರು ಓಣಿಯವರಿಗೆ ನನ್ನನ್ನು ತೋರಿಸಿ "ಸಂಸ್ಥಾನದ ಹುಡುಗಿ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ನನ್ನ ಯಜಮಾನರು ಸೀರೆಯ ಗಂಟು ಹೊತ್ತು ಮುಂಡರಗಿ, ಶಿರಹಟ್ಟಿಯ ಸಂತೆಗಳಿಗೆ ಹೋಗುವವರು. ಬರುವಾಗ ಸೀರೆಯ ಗಂಟು ಹಗುರಾಗಿರುತ್ತಿತ್ತೋ ಇಲ್ಲವೋ, ಕರ್ನಾಟಕ ಒಂದಾಗಬೇಕೆಂಬ ಭಾಷಣಗಳನ್ನಂತೂ ತಲೆಯ ತುಂಬ ತುಂಬಿಕೊಂಡು ಬರುತ್ತಿದ್ದರು.

ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು, ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತ ನೇಯುವ ಮಗ್ಗ. ಒಂದರಲ್ಲಿ ಮಾವನವರು ಕೂಡುತ್ತಿದ್ದರು. ಇನ್ನೊಂದರ ಮೇಲೆ, ನಾನು ಬಂದ ದಿನದಿಂದಲೂ, ಒಂದು ಹಳೆಯ ಧೋತರ ಹೊದಿಸಿತ್ತು. ಆ ಮಗ್ಗ ನನ್ನ ಮೈದುನ ಈರಣ್ಣನದು. "ಕುಣ್ಯಾಗ ಕಾಲ ಇಳಿಬಿಟ್ಟು ಜಲ್ಮಾ ಕಳಿಯೂದು ನನ್ನ ಕೈಲೆ ಆಗೂದಿಲ್ಲ" ಎಂದು ಅಪ್ಪನೆದುರೇ ಹೇಳಿ, ಮಗ್ಗಕ್ಕೆ ಹೂಡಿದ ಉದ್ದನೂಲಿನ ಹಾಸನ್ನು ಅರ್ಧ ನೇಯ್ದು ಬಿಟ್ಟು, ಬೆಳಗಾವಿಗೆ ಹೋಗಿ ದಂಡಿಗೆ ಸೇರಿದ್ದ. ಮಾವನವರು ಬಯ್ಯಲಿಲ್ಲ, ತಡೆಯಲೂ ಇಲ್ಲ. ಮಾತು ಬಿಟ್ಟರು, ಅಷ್ಟೆ. ಆ ಹಾಸನ್ನು ಇನ್ನೊಬ್ಬರು ಮುಟ್ಟಕೂಡದೆಂದು ಧೋತರ ಹೊದಿಸಿದರು.

ನನ್ನ ಮದುವೆಯಾಗಿ ಆರು ತಿಂಗಳಿಗೆ ಈರಣ್ಣ ಕೋಲೂರಿಕೊಂಡು ಮನೆಗೆ ಬಂದ. ತರಬೇತಿಯಲ್ಲಿ ಗೋಡೆ ಹಾರುವಾಗ ಬಿದ್ದು ಎಡಗಾಲಿನ ಎಲುಬು ಮುರಿದಿತ್ತು. ದಂಡಿನ ದವಾಖಾನೆಯಲ್ಲಿ ಕಟ್ಟು ಹಾಕಿ, ಬಿಚ್ಚಿ, ಎರಡು ತಿಂಗಳು ರಜೆ ಕೊಟ್ಟು ಕಳಿಸಿದ್ದರು. ರಜೆ ಮುಗಿದ ಮೇಲೆ ಡಾಕ್ಟರರ ಮುಂದೆ ಓಡಬೇಕು, ಅದೇ ಗೋಡೆಯನ್ನು ಹಾರಬೇಕು. ಆಗದಿದ್ದರೆ ಹೆಸರು ಹೊಡೆದುಹಾಕಿ ಕಾಯಂ ಆಗಿ ಮನೆಗೆ. ಕಾಲು ಕಡ್ಡಿಯಂತೆ ಸೊರಗಿತ್ತು, ನಿಂತರೆ ನಡುಗುತ್ತಿತ್ತು. ಅತ್ತಿಗೆಯಾದ ನಾನು ನೀರು ತಂದುಕೊಟ್ಟಾಗ ಮೆಲ್ಲಗೆ ಹೇಳಿದ: "ನಾ ತಿರುಗಿ ಹೋಗಲಿಲ್ಲಂದ್ರ ಓಣ್ಯಾಗ ಮಾರಿ ಎತ್ತಿ ಅಡ್ಡಾಡಾಕ ಆಗೂದಿಲ್ಲ ವೈನಿ. ಕಾಲ ಮುರದದ್ದಕ್ಕಲ್ಲ, ಅಪ್ಪನ ಮುಂದ ಅಷ್ಟ ದೊಡ್ಡ ಮಾತಾಡಿ ಹೋದಾವ ನಾನು." ಅವನಿಗೂ ನನಗೂ ಒಂದೇ ವಯಸ್ಸು. ಆ ಕ್ಷಣದಿಂದ ನಾನು ಅವನ ಪಕ್ಷ.

ಅತ್ತೆಯವರ ಆರೈಕೆಯನ್ನು ಏನೆಂದು ಬಣ್ಣಿಸಲಿ! ಮಗನ ಕಾಲು ನೆಲಕ್ಕೆ ತಾಗಗೊಡಲಿಲ್ಲ. ಬೆಳಗ್ಗೆ ಔಡಲೆಣ್ಣೆ ತಿಕ್ಕಿ ಬಿಸಿನೀರು, ಆಮೇಲೆ ಶೇಂಗಾದ ಉಂಡಿ, ಮಧ್ಯಾಹ್ನ ತುಪ್ಪದಲ್ಲಿ ಮುಳುಗಿದ ಹೋಳಿಗೆ, ಸಂಜೆಗೆ ಮತ್ತೆ ಉಂಡಿ. ಎಲುಬು ಕೂಡಿಸುವುದರಲ್ಲಿ ಹೆಸರಾದ ಹಿರೇಹಂದಿಗೋಳದ ಮುದುಕನೊಬ್ಬನನ್ನು ಕರೆಸಿದರೆ, ಅವನು ಕಾಲನ್ನು ಒತ್ತಿ ನೋಡಿ, "ಎಲಬು ಚಲೋ ಕೂಡೇತಿ. ಇನ್ನ ಬರೇ ಕುಂದ್ರಿಸಿ ಉಣಿಸಬ್ಯಾಡ್ರಿ" ಎಂದ. ಅತ್ತೆಯವರಿಗೆ ಎಷ್ಟು ಸಿಟ್ಟು ಬಂತೆಂದರೆ ಊಟಕ್ಕೆ ಕುಳಿತ ಅವನಿಗೆ ಎರಡನೆಯ ಹೋಳಿಗೆಯನ್ನೇ ಬಡಿಸಲಿಲ್ಲ. ಮೂರನೆಯ ವಾರ ಈರಣ್ಣ ದಂಡಿನಲ್ಲಿ ಕೊಟ್ಟ ಸರಕಾರಿ ಚಡ್ಡಿ ಹಾಕಿ ನೋಡಿದರೆ ಗುಂಡಿ ಕೂಡಲೊಲ್ಲದು. "ಕೂಡಲಿಲ್ಲಂದ್ರ ಬಿಡು, ಧೋತರ ಉಟ್ಕೋ" ಎಂದರು ಅತ್ತೆ, ಮುಖದಲ್ಲಿ ಹುಣ್ಣಿಮೆ. ಕಾಲು ಮುರಿದು ಮಗನನ್ನು ಮನೆಗೆ ಕಳಿಸಿದ ಆ ಗೋಡೆಗೆ ಅವರು ಮನಸ್ಸಿನಲ್ಲೇ ಕಾಯಿ ಒಡೆಸಿದ್ದರೂ ನನಗೆ ಆಶ್ಚರ್ಯವಿಲ್ಲ.

ಮರುದಿನ ಮಾವನವರು ಎದ್ದು, ಆ ಎರಡನೆಯ ಮಗ್ಗದ ಧೋತರ ತೆಗೆದು ಕೊಡವಿದರು. ನಾನು ರಾಟಿಯ ಮುಂದೆ, ಲಾಳಿಯೊಳಗೆ ಕೂಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನನ್ನ ಕಡೆ ತಿರುಗಿ, "ಗಂಗವ್ವಾ, ಅವಗ ಹೇಳು. ಅರ್ಧಾ ಹಾಸು ಬಿಟ್ಟು ಹೋಗ್ಯಾನ. ಕುಂತಲ್ಲೆ ಕುಂತು ತಿನ್ನೂ ಬದ್ಲಿ ಅದನ್ನ ಮುಗಸಂತ ಹೇಳು" ಎಂದರು. ಮೂರು ಮೊಳ ದೂರದಲ್ಲಿದ್ದ ಈರಣ್ಣನೂ ನನ್ನ ಕಡೆಗೇ ತಿರುಗಿ, "ಮುಗಸ್ತಾನಂತ ಹೇಳ್ರಿ ವೈನಿ" ಎಂದ. ನಾನು ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಆ ಮನೆಯಲ್ಲಿ ಅಪ್ಪ ಮಗನ ನಡುವಿನ ಟಪಾಲು ನಾನೇ ಆಗಿದ್ದೆ. ಕರ್ನಾಟಕವನ್ನು ಒಂದು ಮಾಡುವ ಭಾಷಣ ಕೇಳಿ ಬರುತ್ತಿದ್ದ ನನ್ನ ಯಜಮಾನರಿಗೆ ಸ್ವಂತ ಪಡಸಾಲೆಯ ಈ ಎರಡು ಸಂಸ್ಥಾನಗಳನ್ನು ಒಂದು ಮಾಡುವ ಯೋಚನೆ ಮಾತ್ರ ಎಂದೂ ಹೊಳೆಯಲಿಲ್ಲ.

ನನಗಂತೂ ಮೈಯೆಲ್ಲ ಉರಿಯಿತು. ಅತ್ತೆಯವರು ಹೋಳಿಗೆಯಿಂದ ಕಟ್ಟಿಹಾಕುತ್ತಿದ್ದಾರೆ, ಇವರು ಮಗ್ಗದಿಂದ ಕಟ್ಟಿಹಾಕುತ್ತಿದ್ದಾರೆ, ಪಾಪದ ಹುಡುಗ ಹೇಗೆ ಪಾರಾದಾನು ಎಂದುಕೊಂಡೆ. ಮೊದಲ ದಿನಗಳಲ್ಲಿ ಈರಣ್ಣ ಎಡಗಾಲಿನ ಹಲಗೆಯನ್ನೊಮ್ಮೆ ಒತ್ತಿ, ಉಸಿರು ಬಿಟ್ಟು, ಕಣ್ಣು ಮುಚ್ಚಿ, ಮತ್ತೆ ಒತ್ತುತ್ತಿದ್ದ. ಲಾಳಿ ಓಡುವ ಸದ್ದು ಒಮ್ಮೆ ಕೇಳಿದರೆ ಇನ್ನೊಮ್ಮೆ ಕೇಳುವಷ್ಟರಲ್ಲಿ ನನ್ನದೊಂದು ಕಂಡಿಕೆ ತುಂಬುತ್ತಿತ್ತು. ಎಂಟು ದಿನಗಳಲ್ಲಿ ಸದ್ದು ಸ್ವಲ್ಪ ಚುರುಕಾಯಿತು. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ನಿಧಾನವಾಯಿತು. ಹುಡುಗನ ಹಣೆಯಿಂದ ಬೆವರು ಇಳಿಯತೊಡಗಿತು.

ಕುಣಿ ಗುಡಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಕಸಬರಿಗೆ ಹಿಡಿದು ಕುಣಿಗಿಳಿದೆ. ಬಲಗಡೆಯ ಹಲಗೆಯ ಕೆಳಗೆ ಈ ಚೀಲ ತೂಗುತ್ತಿತ್ತು, ಒಳಗೆ ಐದು ಕಲ್ಲು. ಮಗ್ಗದಲ್ಲಿ ಎಡ ಹಲಗೆ ಕೆಳಗಿಳಿದರೆ ಬಲ ಹಲಗೆ ಮೇಲೇಳಬೇಕು. ಬಲಕ್ಕೆ ಕಲ್ಲು ಕಟ್ಟಿದರೆ, ಆ ಕಲ್ಲಿನ ಭಾರವನ್ನೆಲ್ಲ ಎತ್ತಬೇಕಾದದ್ದು ಎಡಗಾಲು, ಅಂದರೆ ಮುರಿದ ಕಾಲು. ಚೀಲದ ನೇಯ್ಗೆ ನೋಡಿದರೆ ಯಾರ ಕೈಯೆಂದು ಕೇಳುವ ಅಗತ್ಯವೇ ಇರಲಿಲ್ಲ. ಇದೆಂಥ ಹಗೆತನ, ಹೆತ್ತ ಮಗನ ಮೇಲೆ ಎಂದು ನನಗೆ ಅಳು ಬಂತು. ಎರಡು ಕಲ್ಲು ತೆಗೆದು ಕಂಡಿಕೆಯ ಬುಟ್ಟಿಯಲ್ಲಿ ಬಚ್ಚಿಟ್ಟೆ.

ಮರುದಿನ ನೋಡಿದರೆ ಮತ್ತೆ ಐದು. ಎರಡು ತೆಗೆದೆ. ಅದರ ಮರುದಿನ ಮತ್ತೆ ಐದು. ನನ್ನ ಕಂಡಿಕೆಯ ಬುಟ್ಟಿ ಭಾರವಾಗುತ್ತ ಬಂತು, ಚೀಲ ಮಾತ್ರ ಹಗುರಾಗಲೊಲ್ಲದು. ಮೂರನೆಯ ಸಲ ಕೈ ಹಾಕಿದಾಗ ತಲೆಯ ಮೇಲಿಂದ ಮಾವನವರ ದನಿ ಕೇಳಿತು. "ಅಲ್ಲೇನ ಹುಡುಕಾಕತ್ತಿ ಯವ್ವಾ?"

ಎರಡು ಕೈಯಲ್ಲಿ ಎರಡು ಕಲ್ಲು ಹಿಡಿದು ಕುಣಿಯಲ್ಲೇ ನಿಂತೆ. ಸೆರಗು ಜಾರಿದ್ದೂ ತಿಳಿಯಲಿಲ್ಲ. ಅಷ್ಟು ದಿನ ಅವರೆದುರು ಹೂಂ ಎನ್ನುವುದರಾಚೆ ಮಾತಾಡದವಳಿಗೆ ಅಂದು ಎಲ್ಲಿಂದ ಬಾಯಿ ಬಂತೋ! "ನೀವು ದಿನಾ ಹಾಕ್ತೀರಿ, ನಾ ದಿನಾ ತಗೀತೀನಿ, ಸಾಕಾತ್ರಿ ಮಾವಾರ. ಆ ಕಾಲ ನೋಡಿದ್ರ ಕನಿಕರ ಬರೂದಿಲ್ಲೇನ್ರಿ? ಹಿಂಗ ಮಾಡಿದ್ರ ಅವ್ರು ತಿರುಗಿ ಹೋಗೂದರ ಹ್ಯಾಂಗ?"

"ಹೋಗಲೆಂತನ ಕಟ್ಟೇನಿ" ಎಂದರು ಮಾವನವರು. "ನಾಳೆ ಅಲ್ಲಿ ಹಾರೂ ಮುಂದ, ಕಾಲ ಮುರದಾವ ಬಂದಾನ ಅಂತ ಗ್ವಾಡಿ ತಗ್ಗ ಮಾಡಿ ಕೊಡ್ತಾರೇನ?"

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. "ಹಂಗಾರ ಅವ್ರು ಇಲ್ಲೇ ಇರ್ಲೆಂತ ನಿಮಗ..." ಎಂದು ತಡವರಿಸಿದೆ.

"ಆಸೆ ಇರೂದಿಲ್ಲೇನ? ಐತಿ. ಆದ್ರ ಕಾಲ ಮುರದದ್ದಕ್ಕ ಇದ್ದಾನಂದ್ರ ಅದೇನ ಇದ್ದಂಗ ಯವ್ವಾ? ಹೋಗಾಕ ಬರೂವಂಗ ಮಾಡೂದು ನನ್ನ ಕೆಲಸ. ಹೋಗೂದು ಇರೂದು ಅವಂದು." ಆಮೇಲೆ ಏನೋ ನೆನಪಾದಂತೆ ನನ್ನ ಕೈಯ ಕಲ್ಲುಗಳನ್ನು ನೋಡಿದರು. "ಆದ್ರ ದಿನಾ ಹಾಕ್ತೀರಿ ಅಂದ್ಯಲ್ಲ? ನಾ ಆ ಚೀಲಾ ಮುಟ್ಟಿ ಎಂಟ ದಿವಸಾತು."

ಇಬ್ಬರೂ ಕಲ್ಲು ನೋಡಿದೆವು. ಮಾವನವರು ಹಾಕಿದ್ದು ಹಳ್ಳದ ನುಣುಪು ಕಲ್ಲು. ನನ್ನ ಕೈಯಲ್ಲಿದ್ದವು ಹಿತ್ತಲಿನ ಬೇವಿನ ಬುಡದ ಒರಟು ಕಲ್ಲು, ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಅವನ ಕಾಲ ಬುಡದಲ್ಲೇ ತೂಗುವ ಚೀಲ ಅವನಿಗೆ ಗೊತ್ತಾಗುವುದಿಲ್ಲವೆಂದು ನಾವಿಬ್ಬರೂ ನಂಬಿದ್ದೆವಲ್ಲ, ಎಂಥ ಜಾಣರು! ಅಪ್ಪ ಏಕೆ ಕಟ್ಟಿದ್ದಾರೆಂಬುದೂ ಅವನಿಗೆ ತಿಳಿದಿತ್ತು. ಯಾರೋ ತೆಗೆಯುತ್ತಿದ್ದಾರೆಂಬುದೂ ತಿಳಿದಿತ್ತು. ಬಾಯಿ ಬಿಡದೆ, ಬೇವಿನ ಬುಡದಿಂದ ಹೆಕ್ಕಿ ತಂದು, ಕಡಿಮೆ ಬಿದ್ದದ್ದನ್ನು ಅವನೇ ತುಂಬುತ್ತಿದ್ದ.

ಮಾವನವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಅದು ಬೆವರಲ್ಲ, ನಾನು ಕಂಡಿದ್ದೇನೆ. ನೇರವಾಗಿ ಹಿತ್ತಲ ಬಾಗಿಲಿಗೆ ಹೋಗಿ ನಿಂತರು. ಅಲ್ಲಿ ಈರಣ್ಣ ಕೋಲು ಬಿಟ್ಟು ಬೇವಿನ ಮರ ಸುತ್ತುತ್ತಿದ್ದ. ರೂಢಿಯಂತೆ ನಾನು ಬೆನ್ನ ಹಿಂದೆ ಟಪಾಲಿಗೆ ಸಿದ್ಧವಾಗಿ ನಿಂತೆ. ಆದರೆ ಅವರು, "ಈರಣ್ಣಾ" ಎಂದರು. ಮರ ಹಿಡಿದು ನಿಂತುಬಿಟ್ಟ ಹುಡುಗ. "ನಾಳೆ ಇನ್ನೊಂದು ಕಲ್ಲು ಹಾಕ್ತೀನಿ. ತಾಳ್ತೈತೇನ?"

ಈರಣ್ಣ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. "ಹಾಕ್ರಿ ಅಪ್ಪಾ" ಎಂದ. "ಎರಡ ಹಾಕ್ರಿ."

ನನ್ನ ಕೈಯ ಎರಡು ಕಲ್ಲೂ ಚೀಲಕ್ಕೆ ಮರಳಿ, ಹೀಗೆ ಒಟ್ಟು ಏಳಾಯಿತು. ಅಂದು ಸಂಜೆಯಿಂದ ನನ್ನ ಟಪಾಲಿನ ನೌಕರಿ ಹೋಯಿತು. ಬದುಕಿನಲ್ಲಿ ನೌಕರಿ ಹೋದದ್ದಕ್ಕೆ ಅಷ್ಟು ಖುಷಿಪಟ್ಟವರು ನನ್ನಂತೆ ಇನ್ನೊಬ್ಬರಿರಲಾರರು. ಹಾಸು ಮುಗಿಯಿತು. ಕೊನೆಯ ಸೀರೆ ಕೊಯ್ದ ದಿನ ಅತ್ತೆಯವರು ತಾವಾಗಿಯೇ ಆ ಸರಕಾರಿ ಚಡ್ಡಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಮೂಗು ಸೇದುತ್ತ, ಗುಂಡಿ ಕೂಡುವಂತೆ ಅದನ್ನು ಅರ್ಧ ಬೆರಳು ಸರಿಸಿ ಹೊಲಿದರು. ಗದಗಿನ ಸ್ಟೇಷನ್ನಿಗೆ ಎಲ್ಲರೂ ಹೋದೆವು. ಅವನು ಗಾಡಿಯ ಮೆಟ್ಟಿಲಿಗೆ ಎಡಗಾಲನ್ನೇ ಮೊದಲು ಇಟ್ಟದ್ದನ್ನು ನಾನೂ ಮಾವನವರೂ ಒಟ್ಟಿಗೇ ಗಮನಿಸಿದೆವು.

ಇಪ್ಪತ್ತು ದಿನಗಳ ಮೇಲೆ ಕಾರ್ಡು ಬಂತು. ಮೊದಲ ಸಲ ಅಪ್ಪನ ಹೆಸರಿಗೆ ಬಂದ ಕಾರ್ಡು. ಅವರಿಗೆ ಓದು ಬಾರದು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ನಾನೇ ಓದಬೇಕು. "ಗ್ವಾಡಿ ಹಾರಿದೆ. ಎಡಗಾಲಲೆ ಇಳದೆ. ನೋಯಲಿಲ್ಲ." ಮೂರು ಸಲ ಓದಿಸಿ, ಕಾರ್ಡನ್ನು ಕೈಗೆ ತೆಗೆದುಕೊಂಡು, "ಎಡಗಾಲಲೆ ಅನ್ನೂದು ಎಲ್ಲಿ ಬರದಾನ, ತೋರ್ಸು" ಎಂದರು. ನಾನು ತೋರಿಸಿದ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ಮುಂದೆ ನಾಡು ಒಂದಾಯಿತು, ಓಣಿಯಲ್ಲೆಲ್ಲ ಸಕ್ಕರೆ ಹಂಚಿದರು, ನಾನು ಸಂಸ್ಥಾನದ ಹುಡುಗಿಯಾಗಿ ಉಳಿಯಲಿಲ್ಲ. ಈರಣ್ಣ ಪೂರ್ತಿ ನೌಕರಿ ಮುಗಿಸಿ, ಪೆನ್ಶನ್ ಪಡೆದು, ತನ್ನ ಕಾಲ ಮೇಲೆಯೇ ನಡೆದು ಮನೆಗೆ ಬಂದ. ಮಗ್ಗಕ್ಕೇನೂ ಕೂಡಲಿಲ್ಲ, ಬೆಟಗೇರಿಯಲ್ಲಿ ಸೈಕಲ್ ಅಂಗಡಿ ಹಾಕಿದ.

ನಾನು ಆಮೇಲೆ ಶಾಲೆಯ ಮಾಸ್ತರಿಣಿಯಾದೆ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದೆ. ಕರಿಹಲಗೆಯ ಮುಂದೆ ಮಗುವೊಂದು ಗುಣಾಕಾರ ತಿಳಿಯದೆ ನಿಂತಾಗ ಉತ್ತರ ಹೇಳಿಬಿಡಲು ನಾಲಿಗೆ ತುದಿಗಾಲಲ್ಲಿ ನಿಲ್ಲುತ್ತಿತ್ತು. ಆಗೆಲ್ಲ ಕುಣಿಯೊಳಗೆ ಎರಡು ಕಲ್ಲು ಹಿಡಿದು ನಿಂತ ಹುಡುಗಿ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹಾಗೆಂದು ಕನಿಕರವನ್ನು ಹೀಗಳೆಯಲಾರೆ. ಅತ್ತೆಯವರ ಔಡಲೆಣ್ಣೆ ಇಲ್ಲದೆ ಬರೀ ಕಲ್ಲುಗಳಿಂದಲೇ ಆ ಕಾಲು ಗುಣವಾಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಒಂದು ಮಾತು ಮಾತ್ರ ಬಹುಕಾಲ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಕಲ್ಲು ತೆಗೆದವಳು ನಾನೆಂದು ಈರಣ್ಣನಿಗೆ ಖಂಡಿತ ಗೊತ್ತಿತ್ತು. ಕುಣಿ ಗುಡಿಸುವವಳು ನಾನೊಬ್ಬಳೇ. ಒಮ್ಮೆಯಾದರೂ "ತಗೀಬ್ಯಾಡ್ರಿ ವೈನಿ" ಎನ್ನಬಹುದಿತ್ತಲ್ಲ, ಕೊನೆಯವರೆಗೂ ಏಕೆ ಅನ್ನಲಿಲ್ಲ?

ನಿನ್ನೆ ಬೆಳಗ್ಗೆ ಚೀಲವನ್ನು ಕಾಲಿಗೆ ಕಟ್ಟಿ ಎತ್ತಿದರೆ ಹಗುರಾಗಿತ್ತು. ಬಿಚ್ಚಿ ನೋಡಿದೆ, ಐದೇ ಕಲ್ಲು. ನನ್ನ ಸೊಸೆ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. "ಇವತ್ತ ನೋವು ಕಡಿಮಿ ಐತೇನ್ರಿ ಅತ್ತಿ?" ಎಂದು ಕೇಳಿದಾಗ ಅವಳ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ನನ್ನ ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. "ಭಾಳ ಕಡಿಮಿ ಐತಿ ನನ್ನವ್ವಾ" ಎಂದೆ. ಈರಣ್ಣ ಏಕೆ ಸುಮ್ಮನಿದ್ದನೆಂಬುದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಅವಳು ಅಡಿಗೆಮನೆಗೆ ಹೋದ ಮೇಲೆ ಗೋಡೆ ಹಿಡಿದು ಅಂಗಳದವರೆಗೆ ಹೋದೆ. ಅವಳ ಹೂಕುಂಡದಿಂದ ಎರಡು ಕಲ್ಲು ಆರಿಸಿ ತಂದು ಚೀಲಕ್ಕೆ ಹಾಕಿ, ಹುರಿ ಬಿಗಿದು, ಕಾಲೆತ್ತಿದೆ. ಭಾರವಾಗಿತ್ತು, ಹಿತವಾಗಿತ್ತು.