ಸಿಮೆಂಟು ಬಳಿದ ಹವಳದ ಗೋಡೆ

ನಾನು ಚಿಕ್ಕವನಿದ್ದಾಗ, ನೈರೋಬಿ ಎಂಬ ಊರಿನ ಹೆಸರನ್ನೂ ಕೇಳದ ಕಾಲದಲ್ಲಿ, ನಮ್ಮ ಮನೆ ಜೆಡ್ಡಾದ ಹಳೆಯ ಪೇಟೆಯಲ್ಲಿತ್ತು. ಮಕ್ಕಾಕ್ಕೆ ಹೋಗುವ ಹಾಜಿಗಳು ಹಡಗಿನಿಂದ ಇಳಿಯುವ ಊರು ಅದು. ಹಿಂದೆಲ್ಲ ಹವಳದ ದಿಬ್ಬಗಳಿಗೆ ಹೆದರಿ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವಂತೆ. ಜನ ದೋಣಿಯಲ್ಲಿ ದಡ ಸೇರುತ್ತಿದ್ದರಂತೆ. ನಮ್ಮ ಕಾಲಕ್ಕೆ ಹಡಗು ದಡಕ್ಕೇ ತಾಗಿ ನಿಲ್ಲುವ ಧಕ್ಕೆ ಕಟ್ಟಿದ್ದರು. ವಿಮಾನಗಳೂ ಬಂದಿದ್ದವು, ಹಡಗಿನ ಹಾಜಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಮಂಗಳೂರಿನಿಂದ ಹೋಗಿ ನೆಲೆಸಿದ್ದ ಅಪ್ಪ, ಬಾಡಿಗೆ ಮನೆಯ ಕೆಳಗಿನ ಹಜಾರದಲ್ಲಿ ಹಾಜಿಗಳನ್ನು ಇಳಿಸಿಕೊಂಡು ನಮ್ಮನ್ನು ಸಾಕುತ್ತಿದ್ದರು. ನಾವು ಮಹಡಿಯ ಮೇಲಿರುತ್ತಿದ್ದೆವು.

ಎದುರು ಮನೆಯ ಭಟ್ಕಳದ ಕಾಕಾರದೂ ಅದೇ ಕೆಲಸ. ಇಬ್ಬರಿಗೂ ಆಗುತ್ತಿರಲಿಲ್ಲ. ಮನೆಮಾತು ಬೇರೆ ಬೇರೆಯಾದ್ದರಿಂದ ಜಗಳ ಕನ್ನಡದಲ್ಲೇ ನಡೆಯುತ್ತಿತ್ತು. ನಮ್ಮ ಗೋಡೆ ಸಮುದ್ರದಿಂದ ತೆಗೆದ ಹವಳದ ಕಲ್ಲಿನದು. ಮೇಲಿನ ಸುಣ್ಣದ ಗಾರೆ ಉಪ್ಪು ಹಿಡಿದು ಪ್ರತಿ ವರ್ಷ ಉದುರುತ್ತಿತ್ತು.

“ನಿಮ್ಮಲ್ಲಿ ಸಾರಿಗೆ ಉಪ್ಪೇ ಬೇಡ ಮಾರಾಯ್ರೇ, ತಟ್ಟೆ ಗೋಡೆ ಹತ್ರ ಇಟ್ರೆ ಸಾಕು,” ಎಂದು ಕಾಕಾ ಹಾಜಿಗಳ ಮುಂದೆಯೇ ನಕ್ಕರು.

ಆ ಹಠಕ್ಕೆ ಅಪ್ಪ ಹಜಾರಕ್ಕೆಲ್ಲ ಸಿಮೆಂಟು ಬಳಿಸಿದರು. ಹವಳದ ಕಲ್ಲು ಹೀರಿದ ತೇವವನ್ನು ಹೊರಬಿಡಬೇಕು. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ಒಳಗೇ ಉಳಿದ ಉಪ್ಪು ಕಲ್ಲನ್ನು ಪುಡಿ ಮಾಡುತ್ತಿದೆ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಮರುವರ್ಷ ಹಡಗು ಬಂದ ದಿನ ಸೆಕೆಗೆ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಅಕ್ಕ ಹಜಾರದಲ್ಲಿ ಚಾಪೆ ಹಾಸಿ ಹೊರಬಂದಳು. ಅಷ್ಟರಲ್ಲಿ ಬಾಗಿಲಷ್ಟು ಅಗಲದ ಸಿಮೆಂಟು, ಕಲ್ಲಿನ ಸಮೇತ ಚಾಪೆಗಳ ಮೇಲೆ ಕುಸಿಯಿತು. ನನ್ನ ಬಾಯಲ್ಲೆಲ್ಲ ಉಪ್ಪುಧೂಳು. ನಮ್ಮ ಕರಾವಳಿಯ ಮುದುಕ ಮುದುಕಿಯರು ಗಂಟು ಹೊತ್ತು ಹೊಸ್ತಿಲಲ್ಲೇ ನಿಂತಿದ್ದರು.

“ಗುಡಿಸಿದ್ರೆ ಆಯ್ತು. ಬನ್ನಿ, ಒಳಗೆ ಬನ್ನಿ,” ಎಂದರು ಅಪ್ಪ. ಆ ಜನ ಕೈತಪ್ಪಿದರೆ ನಮ್ಮ ಆ ವರ್ಷದ ಅನ್ನವೂ ಕೈತಪ್ಪಿದಂತೆ.

ಅಕ್ಕ ಅಡ್ಡ ನಿಂತಳು. “ತೊಲೆ ಜಾರಿದೆ ಅಪ್ಪಾ, ಮೇಲೆ ನೋಡಿ.”

ಸದ್ದಿಗೆ ಹೊರಬಂದ ಕಾಕಾ ಎದುರಿನಿಂದ ಕೂಗಿದರು: “ಆ ಹಾಜಿಗಳನ್ನ ಈಚೆ ಕಳಿಸಿ. ಅವರನ್ನ ಮಾತ್ರ!”

“ಸತ್ರೂ ನಿನ್ನ ಬಾಗಿಲಿಗೆ ಕಳಿಸೋದಿಲ್ಲ!” ಅಪ್ಪ ಕಿರುಚಿದರು.

ಅಕ್ಕ ಒಬ್ಬ ಮುದುಕಿಯ ಗಂಟು ಎತ್ತಿಕೊಂಡು ಓಣಿ ದಾಟಿದಳು. ಉಳಿದವರು ಅವಳ ಹಿಂದೆ ನಡೆದರು. “ಆ ಮೆಟ್ಟಿಲು ಹತ್ತಿದ್ರೆ ಇತ್ತ ಬರಬೇಡ,” ಎಂಬ ಅಪ್ಪನ ಮಾತಿಗೂ ಅವಳು ತಿರುಗಲಿಲ್ಲ.

ಸಂಜೆ ಹಜಾರದ ಗೋಡೆ ಪೂರ್ತಿ ಬಿತ್ತು. ಆ ಹೊತ್ತಿಗೆ ನಾವೂ ಪಾತ್ರೆಪಗಡದೊಂದಿಗೆ ಓಣಿಯಲ್ಲಿದ್ದೆವು. ಕಾಕಾ ನಮಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ, ಬಾಗಿಲು ಹಾಕಿಕೊಂಡರು. ಅಪ್ಪ ಅಕ್ಕನೊಂದಿಗೆ ತಿಂಗಳುಗಟ್ಟಲೆ ಮಾತಾಡಲಿಲ್ಲ. ಅಪ್ಪ ಮತ್ತು ಕಾಕಾರ ಹಗೆ ಸಾಯುವತನಕ ಹಾಗೆಯೇ ಇತ್ತು.

ಈಗ ನೈರೋಬಿಯಿಂದ ಹಜ್‌ಗೆ ಹೊರಟವರು ವಿಮಾನ ಇಳಿದು ನೇರ ಮಕ್ಕಾದ ದಾರಿ ಹಿಡಿಯುತ್ತಾರೆ. ಇಲ್ಲಿನ ಸೌತ್ ಬಿ ಬಡಾವಣೆಯ ನಮ್ಮ ಫ್ಲಾಟುಗಳಲ್ಲಿ ಪಾರ್ಕಿಂಗ್ ಜಗಳವೂ ಫೋನಿನಲ್ಲೇ ನಡೆದು ಮುಗಿಯುತ್ತದೆ. ಇದನ್ನೆಲ್ಲ ಕೇಳಿದ ಮೊಮ್ಮಗಳು ಅಂದಳು: “ಅಜ್ಜ, ವೈ ಡಿಡಂಟ್ ದೇ ಜಸ್ಟ್ ಬ್ಲಾಕ್ ಈಚ್ ಅದರ್?”

ಬ್ಲಾಕ್ ಮಾಡಿದ್ದರೆ ನಮ್ಮ ಗೋಡೆ ಕುಸಿದ ಸದ್ದು ಕಾಕಾಗೆ ಕೇಳುತ್ತಿರಲಿಲ್ಲ, ಮಗಾ. ಆ ಮುದುಕಿ ಅದರ ಕೆಳಗೇ ಮಲಗಿರುತ್ತಿದ್ದಳು.