ರೆಕ್ಕೆ ಬಂದ ಗೊಬ್ಬರದ ಚೀಲ

ಹಾರನಹಳ್ಳಿಯಲ್ಲಿರುವ ನನ್ನ ಅಕ್ಕ ಅರಸೀಕೆರೆಗೆ ಬಂದಳೆಂದರೆ ಅವಳ ಸ್ಕೂಟರು ನೇರ ನಮ್ಮ ಹಿತ್ತಿಲಿಗೇ ಬರುತ್ತದೆ. ಕಾಲಿಡುವ ಜಾಗದಲ್ಲಿ ಎಳನೀರು, ಸೀಟಿನ ಕೆಳಗೆ ಕರಿಬೇವು, ಮುಂದೆ ನೇತುಹಾಕಿದ ಚೀಲದಲ್ಲಿ ಹುಣಸೆಹಣ್ಣು. ಅರವತ್ತು ದಾಟಿದ ಹೆಂಗಸು, ಆದರೂ ಬಸ್ಸಿಗೆ ಕಾಯುವುದೆಂದರೆ ಅವಳಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಂದವಳು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ನಮ್ಮ ಕೆರೆ ಏರಿ ಹತ್ರ ಬಿಳೀ ಹದ್ದು ಕಣೇ! ಬೆಳ್ಳಕ್ಕಿ ಅಲ್ಲ, ಹದ್ದೇ. ಕೊಕ್ಕು ಹಿಂಗೆ ಬಗ್ಗೈತೆ. ಮೈಯೆಲ್ಲ ಸುಣ್ಣದಾಗೆ ಅದ್ದಿ ತೆಗ್ದಂಗೈತೆ."

ನಾನು ನಂಬಿದೆ, ಅಥವಾ ನಂಬಿದವಳ ಹಾಗೆ ತಲೆಯಾಡಿಸಿ ಕಾಫಿಗೆ ಹಾಲಿಟ್ಟೆ. ಅದೇ ಹುರುಪಿನಲ್ಲಿ ಮನೆಗೆ ಹೋಗಿ ಭಾವನಿಗೂ ಹೇಳಿದ್ದು ಅವಳ ತಪ್ಪು. ಭಾವ ಆಗ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿಗಳನ್ನು ಅಲ್ಲಾಡಿಸಿ ನೋಡುತ್ತಿದ್ದರಂತೆ. ತೀರ್ಪು ಅಲ್ಲಿಂದಲೇ ಇಳಿದು ಬಂತು.

"ಗೊಬ್ಬರದ ಚೀಲ ಗಾಳಿಗೆ ಹಾರಿ ತೆಂಗಿನ ಗರಿಗೆ ಸಿಕ್ಕಂಡೈತೆ. ನಿನ್ ಕಣ್ಣಿಗೆ ಪೊರೆ ಬಂದೈತೆ. ಇನ್ಮೇಲೆ ಸ್ಕೂಟ್ರು ಮುಟ್ಬ್ಯಾಡ."

ಸ್ಕೂಟರಿನ ಕೀ ಭಾವನ ಬನಿಯನ್ ಜೇಬು ಸೇರಿತು. ಸ್ನಾನಕ್ಕೆ ಹೋಗುವಾಗಲೂ ಸೋಪಿನ ಡಬ್ಬಿಯ ಜೊತೆ ಅದನ್ನೂ ಒಳಗೆ ಒಯ್ಯುತ್ತಾರೆಂದು ಅಕ್ಕ ಫೋನಿನಲ್ಲಿ ಗೋಳಾಡಿದಳು. ಊರಲ್ಲಿ ಡೈರಿಗೆ ಹಾಲು ಹಾಕಲು ಹೋದರೆ "ಏನಕ್ಕ, ಇವತ್ತು ಹಸಿರು ಕಾಗೆ ಏನಾದ್ರೂ ಕಾಣ್ತಾ?" ಎಂದು ಕೇಳುವವರೇ ಎಲ್ಲ. ಜಗಲಿಯ ಮೂಲೆ ಸೇರಿದ ಸ್ಕೂಟರಿನ ಸೀಟಿನ ಮೇಲೆ ಬೆಕ್ಕು ಮಲಗತೊಡಗಿತು. ಅಕ್ಕ ಬಸ್ಸಿನಲ್ಲಿ ಬರುವಂತಾದ ಮೇಲೆ ನಮ್ಮ ಮನೆಗೆ ಎಳನೀರು ಬರುವುದೂ ನಿಂತಿತು. ಹೀಗಾಗಿ ಆ ಹದ್ದಿನ ವಿಷಯದಲ್ಲಿ ನನಗೂ ಸ್ವಂತ ಆಸಕ್ತಿ ಹುಟ್ಟಿತು.

ಬೇಲೂರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ ಬಂದದ್ದು ಒಳ್ಳೆಯದಾಯಿತು. ನಾನು ಬೆಳಿಗ್ಗೆಯೇ ಹಾರನಹಳ್ಳಿಗೆ ಹೋಗಿ ಭಾವನ ಕಾರು ಹತ್ತಿದೆ. ಕೆರೆ ಏರಿ ಬರುತ್ತಿದ್ದಂತೆ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನ್ರೀ, ಕಾರು ನಿಲ್ಸಿ. ಹೊಟ್ಟೆ ತೊಳಿಸ್ತೈತೆ."

ಕಾರು ನಿಂತಿತು. ಕೆಳಗಿಳಿದ ತಕ್ಷಣ ಅವಳ ಹೊಟ್ಟೆ ಸರಿಹೋಯಿತು, ಕತ್ತು ಮೇಲಕ್ಕೆ ಹೋಯಿತು. ತೋಟದಂಚಿನ ತೆಂಗಿನ ಮರದ ಸುಳಿಯಲ್ಲಿ ಬೆಳ್ಳಗೆ ಏನೋ ಇತ್ತು. ಅಲುಗಾಟವಿಲ್ಲ.

"ನೋಡಿದ್ಯಾ, ಅದೇ ಚೀಲ!" ಭಾವನಿಗೆ ಮದುವೆಮನೆಯ ಸಂಭ್ರಮ. ನನ್ನ ಕಡೆ ತಿರುಗಿ, "ಏನಮ್ಮಾ, ನೀನೇ ಹೇಳು. ಯೂರಿಯಾ ಚೀಲ ತಾನೇ?" ಎಂದರು.

ನಿಜ ಹೇಳಬೇಕೆಂದರೆ ನನಗೂ ಅದು ಚೀಲದಂತೆಯೇ ಕಂಡಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನತ್ತ ನೋಡಿದ ನೋಟಕ್ಕೆ ಹೆದರಿ, "ಬಿಸಿಲು ಭಾವ, ಸರಿಯಾಗಿ ಕಾಣಲ್ಲ" ಎಂದುಬಿಟ್ಟೆ.

ಆಗ ಒಂದು ಕಾಗೆ ಬಂದು ಆ ಚೀಲವನ್ನು ಕುಕ್ಕಿತು. ಚೀಲ ಕತ್ತು ತಿರುಗಿಸಿತು. ಆಮೇಲೆ ರೆಕ್ಕೆ ಬಿಚ್ಚಿ, ನೀರಿನ ಮೇಲಕ್ಕೆ ಇಳಿದು, ಅಲ್ಲಿ ಸುತ್ತುತ್ತಿದ್ದ ಎರಡು ಗರುಡಗಳ ಜೊತೆ ಸೇರಿ ನಮ್ಮ ನೆತ್ತಿಯ ಮೇಲೆ ಬಂತು. ಅವುಗಳದೇ ಗಾತ್ರ, ಅವುಗಳದೇ ತೇಲಾಟ. ಆದರೆ ಕೆಂಗಂದು ಮೈ ಇರಬೇಕಾದಲ್ಲಿ ಹಾಲುಬಿಳುಪು. ಬಾಲದಲ್ಲಿ ಮಾತ್ರ ಕಾಫಿ ಚೆಲ್ಲಿದಂತೆ ಒಂದು ಕಂದು ಗರಿ.

ನಮ್ಮ ಕಡೆ ಗರುಡನನ್ನು ಕಂಡವರು ಕೆನ್ನೆ ತಟ್ಟಿಕೊಂಡು ಕೃಷ್ಣನನ್ನು ನೆನೆಯುತ್ತಾರೆ. ಭಾವನ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಇದ್ದರೇನು, ಚಿಕ್ಕಂದಿನಲ್ಲಿ ಅವರಮ್ಮ ಕಲಿಸಿದ್ದು ಕೈಗೆ ಮರೆತಿರಲಿಲ್ಲ. ಅದು ತಾನಾಗಿ ಮೇಲೆದ್ದು ಎರಡು ಕೆನ್ನೆಗೂ ತಟ್ಟಿತು. ತುಟಿ "ಕೃಷ್ಣ ಕೃಷ್ಣ" ಎಂದಿತು.

"ಯಾರಿಗ್ರೀ ಅದು? ಯೂರಿಯಾ ಚೀಲಕ್ಕಾ?" ಅಕ್ಕ ಕಾದಿದ್ದವಳಂತೆ ಕೇಳಿದಳು.

"ಸೊಳ್ಳೆ ಕಚ್ತು."

"ಎರಡೂ ಕೆನ್ನೆಗಾ? ಸೊಳ್ಳೆ ಹೆಸ್ರು ಕೃಷ್ಣ ಅಂತಾನಾ?"

ನಾನು ಕೆರೆಯ ಕಡೆ ತಿರುಗಿ ನಿಂತೆ. ನಕ್ಕರೆ ಭಾವ ನನ್ನನ್ನು ಅಲ್ಲೇ ಬಿಟ್ಟು ಹೋಗುವ ಸಾಧ್ಯತೆ ಇತ್ತು.

"ಗರುಡ ಅಂದ್ರೆ ಕೆಂಪಗಿರ್ಬೇಕು," ಭಾವ ಕೊನೆಯ ವಾದ ಹೂಡಿದರು. "ಇದ್ಯಾಕೆ ಹಿಂಗೈತೆ?"

"ನಿಮ್ ಊರಿನ ಗಾಳಿ ಕುಡ್ದು ವಿಭೂತಿ ಬಳ್ಕಂಡೈತೆ. ಕೀ ಕೊಡಿ."

"ಬೇಲೂರಿಂದ ಬಂದ್ಮೇಲೆ ಕೊಡ್ತೀನಿ."

"ಇಲ್ಲೇ ಕೊಡಿ. ಇಲ್ದಿದ್ರೆ ಅಲ್ಲಿ ಬೀಗರ ಮುಂದೆ ಸೊಳ್ಳೆ ಕತೆ ಹೇಳ್ತೀನಿ."

ಭಾವ ಅಂಗಿಯ ಗುಂಡಿ ಬಿಚ್ಚಿ ಬನಿಯನ್ನಿಗೆ ಕೈಹಾಕಿದರು. ಬೇಲೂರಿನಲ್ಲಿ ಅಕ್ಕ ಹೋಳಿಗೆ ಊಟ ಮಾಡಿದ್ದು ಆ ಕೀಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ.

ಆ ರಾತ್ರಿ ನಾನು ಅಕ್ಕನ ಮನೆಯಲ್ಲೇ ಉಳಿದೆ. ಮಾರನೆಯ ಬೆಳಿಗ್ಗೆ ಬೆಕ್ಕನ್ನು ಎಬ್ಬಿಸಿ ನೋಡಿದರೆ, ನಿಂತೂ ನಿಂತೂ ಸ್ಕೂಟರಿನ ಬ್ಯಾಟರಿ ಸತ್ತಿತ್ತು. ಭಾವನೇ ಪಂಚೆ ಎತ್ತಿ ಕಟ್ಟಿ ಕಿಕ್ ಹೊಡೆಯಬೇಕಾಯಿತು. ಅಕ್ಕ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಜೋರಾಗಿ" ಎನ್ನುತ್ತಿದ್ದಳು. ಅಂತೂ ಗಾಡಿ ಹೊಗೆ ಉಗುಳಿ ಗುಡುಗಿತು. ನಾನು ಎಳನೀರಿನ ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ.

"ನಿಧಾನ ಹೋಗೇ!" ಭಾವ ಬಾಗಿಲಿನಿಂದ ಕೂಗಿದರು. "ನಿಧಾನ!"

"ಆಂ? ಮಧ್ಯಾಹ್ನ ಬತ್ತೀನಿ!" ಎಂದು ಅಕ್ಕ ಗಾಡಿ ಎತ್ತಿದಳು.

ಅಕ್ಕನ ಕಣ್ಣಿಗೆ ಏನೂ ಆಗಿಲ್ಲ. ಕಿವಿಯ ವಿಷಯ ಭಾವನಿಗೆ ಇನ್ನೂ ಹೊಳೆದಿಲ್ಲ. ನನ್ನ ಬಾಯಿಂದಂತೂ ಅದು ಹೊರಬೀಳುವುದಿಲ್ಲ. ಎಳನೀರು ಮತ್ತೆ ಬರತೊಡಗಿದೆ.