ಎಡ ಹೆಗಲು
ಹಾಲು ಕಕ್ಕುವ ಕೂಸಿನ ಅಪ್ಪನನ್ನು ಗುರುತಿಸಲು ಅವನ ಎಡ ಹೆಗಲು ನೋಡಿದರೆ ಸಾಕು. ನಮ್ಮ ಬೀದಿಯ ಕ್ಷೌರದಂಗಡಿಯವನ ಹೆಗಲ ಮೇಲೆ ಒಂದು ಬಿಳಿ ಕಲೆ ಒಣಗುವ ಮೊದಲೇ ಇನ್ನೊಂದು ಬಿದ್ದಿರುತ್ತದೆ. ಹುಳಿ ವಾಸನೆ ಅವನಿಗಿಂತ ಮುಂಚೆ ಬಂದು ಅಂಗಡಿ ತೆರೆಯುತ್ತದೆ. ನಿಂತಲ್ಲೇ ಮೈ ತೂಗುತ್ತಾನೆ, ಕೂತಲ್ಲೇ ತೂಕಡಿಸುತ್ತಾನೆ. ಕಟಿಂಗ್ ಮುಗಿಸಿ ಗಿರಾಕಿಯ ಬೆನ್ನು ತಟ್ಟತೊಡಗಿದನೆಂದರೆ ತೇಗು ಬರುವವರೆಗೆ ಕೈ ನಿಲ್ಲುವುದಿಲ್ಲ. "ಡಾಕ್ಟ್ರು ಏನಂದ್ರಪ್ಪ?" ಎಂದು ಕೇಳಿದರೆ, "ತೂಕ ಚೆನ್ನಾಗಿ ಏರ್ತಿದೆ, ಕಕ್ಕಿದ್ರೆ ಕಕ್ಲಿ ಬಿಡಿ ಅಂದ್ರು. ಮಗು ಆರಾಮಾಗಿದೆ ಸಾರ್, ಸುಸ್ತಾಗಿರೋದು ನಾವು" ಎನ್ನುತ್ತಾನೆ. ಹೆಂಡತಿಯ ಮನಸ್ಸಿಗೆ ಮಾತ್ರ ಡಾಕ್ಟರ ಮಾತು ಇಳಿದಿಲ್ಲ. ಕೂಸು ಕಕ್ಕಿದಾಗಲೆಲ್ಲ ತನ್ನ ಹಾಲೇ ಸರಿಯಿಲ್ಲವೆಂದು ಕಣ್ಣೀರು ಹಾಕುತ್ತಾಳೆ. ಅದಕ್ಕೇ ಅವಳು ಹಾಲು ಕುಡಿಸಿದ ಕೂಡಲೇ ಇವನು ಕೂಸನ್ನು ಎತ್ತಿಕೊಂಡು ಹೊರಗೆ ಬಂದು ತೇಗಿಸುತ್ತಾನೆ. ಕಕ್ಕಿದ್ದನ್ನೆಲ್ಲ ಹೆಗಲಿಗೆ ಹಾಕಿಸಿಕೊಂಡು, ಆ ಹೆಗಲನ್ನು ಗೋಡೆಯ ಕಡೆ ತಿರುಗಿಸಿ ಒಳಗೆ ಹೋಗಿ, "ಈ ಸಲ ಏನೂ ಕಕ್ಕಿಲ್ಲ ಕಣೆ" ಎನ್ನುತ್ತಾನೆ, ಪ್ರತಿ ಸಲವೂ. "ಹೌದಾ, ಸದ್ಯ" ಎನ್ನುತ್ತಾಳೆ ಅವಳು. ಅವನ ಅಂಗಿ ಒಗೆಯುವವಳು ಅವಳೇ.